ಠಾಣೆಯವರೆಗೆ ಮೊದಲನೇ ಅಂಕ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಅರ್ಜಿ ಬರೆಯುವ ಚಟ. ಇದನ್ನು ಚಟವೆಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಅದನ್ನು ಸಮಾಜಸೇವೆ ಎಂದುಕೊಂಡಿದ್ದೆ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಹಗಲೆಲ್ಲ ಸಾಹೇಬರ ಪತ್ರಗಳನ್ನು ಟೈಪು ಮಾಡಿ ಮಾಡಿ, ಇಂಗ್ಲಿಷಿನಲ್ಲಿ ಸಿಟ್ಟಾಗುವುದು ಚೆನ್ನಾಗಿ ಅಭ್ಯಾಸವಾಗಿತ್ತು. ಕನ್ನಡದಲ್ಲಿ ನಾನು ಸಿಟ್ಟಾದರೆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಊಟದ ಬಿಡುವಿನಲ್ಲಿ ಟೈಪ್‌ರೈಟರಿನ ಮುಂದೆ ಕುಳಿತು ಡೊಂಬಿವಲಿಯ ನಲ್ಲಿ ನೀರಿನ ಬಗ್ಗೆ, ಬೀದಿ ದೀಪದ ಬಗ್ಗೆ, ಸ್ಟೇಷನ್ನಿನ ಮೆಟ್ಟಿಲಿನ ಬಗ್ಗೆ ಯಾವ ಯಾವುದೋ ಕಚೇರಿಗಳಿಗೆ ಬರೆಯುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಉತ್ತರ ಬರದಿದ್ದುದಕ್ಕೆ ಭಾಷೆಯ ಖಾರ ಸಾಲದು ಎಂದು ತಿಳಿದು ಮುಂದಿನ ಪತ್ರಕ್ಕೆ ಇನ್ನಷ್ಟು ಖಾರ ಹಾಕುತ್ತಿದ್ದೆ. ಒಂದೇ ಒಂದು ಸಲ ಉತ್ತರ ಬಂತು. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಡೊಂಬಿವಲಿಯ ಪೂರ್ವಕ್ಕೆ ಒಂದು ಹಳೆಯ ಸರಕಾರಿ ಕಟ್ಟಡವಿತ್ತು. ಅದರ ದೊಡ್ಡ ಕೋಣೆಯೊಂದನ್ನು ಯಾರೋ ಪುಣ್ಯಾತ್ಮರು ಕನ್ನಡಿಗರ ವಾಚನಾಲಯಕ್ಕೆಂದು ಕೊಡಿಸಿದ್ದರು. ಹೆಸರಿಗೆ ವಾಚನಾಲಯ. ಅಲ್ಲಿ ಓದುತ್ತಿದ್ದವರು ಕಡಿಮೆ, ಕುಣಿಯುತ್ತಿದ್ದವರು ಹಾಡುತ್ತಿದ್ದವರು ಜಾಸ್ತಿ. ಶನಿವಾರ ಹೆಂಗಸರ ಭಜನಾ ಮಂಡಳಿ, ಬುಧವಾರ ಸಂಜೆ ಕರಾವಳಿಯವರ ಯಕ್ಷಗಾನ, ಭಾನುವಾರ ಬೆಳಿಗ್ಗೆಯಿಂದ ನಾಟಕದವರು. ನಾನು ಗೌರವ ಗ್ರಂಥಪಾಲ, ಅಂದರೆ ಬೀಗದ ಕೈ ನನ್ನ ಜನಿವಾರದಲ್ಲಿ. ಯಾರಾದರೂ ನಿಜವಾಗಿ ಪುಸ್ತಕ ಕೇಳಿಕೊಂಡು ಬಂದರೆ ಕಪಾಟಿನ ಮುಂದೆ ನಿಂತ ಮಹಿಷಾಸುರನನ್ನು ಪಕ್ಕಕ್ಕೆ ಸರಿಸಿ ತೆಗೆದುಕೊಡಬೇಕಾಗುತ್ತಿತ್ತು. ಧಾರವಾಡದ ಕಡೆಯವರು, ಉಡುಪಿ ಕಡೆಯವರು, ಮೈಸೂರಿನವರು ಮೂರೂ ಜನ ಮೂರು ಬಗೆಯ ಕನ್ನಡದಲ್ಲಿ ಜಗಳವಾಡಿ ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದ ಜಾಗ ಅದು. ನನಗೆ ಆ ಕೋಣೆಯೆಂದರೆ ಪ್ರಾಣ.

ಒಂದು ಮಳೆಗಾಲದಲ್ಲಿ ಚಾವಣಿಯಿಂದ ಗಾರೆಯ ಚೂರೊಂದು ವಾರಪತ್ರಿಕೆಗಳ ಮೇಜಿನ ಮೇಲೆ ಬಿತ್ತು. ಎಷ್ಟು ದೊಡ್ಡದು ಅಂದರೆ, ಕರಿದ ಹಪ್ಪಳ ಮುರಿದಾಗ ಮಕ್ಕಳಿಗೆ ಕೊಡುವ ತುಂಡಿನಷ್ಟು. ಯಾರಿಗೂ ತಾಗಲಿಲ್ಲ. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಮರುದಿನವೇ ಠಾಣೆ ಊರಿನಲ್ಲಿದ್ದ ಸರಕಾರಿ ಕಟ್ಟಡಗಳ ಕಚೇರಿಗೆ ಒಂದು ಪತ್ರ ಟೈಪು ಮಾಡಿದೆ. ಚಾವಣಿ ಯಾವ ಗಳಿಗೆಯಲ್ಲಾದರೂ ಕುಸಿಯಬಹುದು, ಹೆಂಗಸರು ಮಕ್ಕಳ ಜೀವಕ್ಕೆ ಹೊಣೆ ಯಾರು, ಮುಂದೆ ಆಗುವ ಅನಾಹುತಕ್ಕೆ ನೀವೇ ಉತ್ತರ ಕೊಡಬೇಕು ಎಂದೆಲ್ಲ ಬರೆದು, ಕೆಳಗೆ ರುಜು ಹಾಕಿ, ಕಾರ್ಬನ್ ಪ್ರತಿಯನ್ನು ಎರಡು ಸಲ ಓದಿ ಆನಂದಪಟ್ಟೆ. ಒಬ್ಬ ಗಾರೆಯವನು ಬಂದು ಎರಡು ಕರಣೆ ಸಿಮೆಂಟು ಮೆತ್ತಿ ಹೋಗಲಿ ಎಂಬುದಷ್ಟೇ ನನ್ನ ಆಸೆ.

ಹದಿನೈದೇ ದಿನಕ್ಕೆ ಉತ್ತರ ಬಂತು. ಪತ್ರದ ರೂಪದಲ್ಲಲ್ಲ, ಬೀಗದ ರೂಪದಲ್ಲಿ. ಇಬ್ಬರು ಬಂದು ಪುಸ್ತಕ ಸಾಗಿಸಲು ಒಂದು ದಿನ ಸಮಯ ಕೊಟ್ಟು, ಬಾಗಿಲಿಗೆ ತಮ್ಮ ಬೀಗ ಜಡಿದು, ಅರಗಿನ ಮೊಹರು ಒತ್ತಿ, ‘ಧೋಕಾದಾಯಕ ಇಮಾರತ’ ಎಂದು ಮರಾಠಿಯಲ್ಲಿ ಅಪಾಯದ ಫಲಕ ತೂಗುಹಾಕಿ ಹೋದರು. ಕಟ್ಟಡದ ಮುಂದೆ ಮೂರೂ ತಂಡದವರು ಸೇರಿದರು. ಯಾರೋ ಆಗದವರು ಅರ್ಜಿ ಹಾಕಿದ್ದಾರೆ ಎಂದು ಒಬ್ಬರು ಹೇಳಿದರು. ಭಜನಾ ಮಂಡಳಿಯ ಮುಂದಾಳು, ಅಂದರೆ ನನ್ನ ಹೆಂಡತಿ ಶಾಂತಾ, ಆ ಫಲಕದ ಮುಂದೆ ನಿಂತು ಎರಡೂ ಕೈ ಎತ್ತಿ, “ಯಾಂವ ಬರದಾನೋ ಅವನ ಕೈ ಸೇದಿ ಹೋಗ್ಲಿ! ದೇವರ ಹಾಡು ಕೇಳಿದ್ರ ಹೊಟ್ಟಿ ಉರೀತದೇನು ಅವಂಗ?” ಎಂದಳು. ನಾನು ಎಲ್ಲರಿಗಿಂತ ಗಟ್ಟಿಯಾಗಿ, “ಹೌದು, ಯಾರೋ ಹೊಟ್ಟಿಕಿಚ್ಚಿನವ್ರು” ಎಂದೆ. ಅಂದು ಸಂಜೆಯಿಂದ ನನ್ನ ಬಲಭುಜ ಹಿಡಿದುಕೊಂಡಿದ್ದು ನಿಜ. ಶಾಂತಾ ಪಾಪ, ಎಣ್ಣೆ ಹಚ್ಚಿ ತಿಕ್ಕಿದಳು.

ಪಾಪದ ಫಲ ಬೇಗ ಸಿಗುತ್ತದೆ ಎನ್ನುವುದಕ್ಕೆ ನಮ್ಮ ಎರಡು ಕೋಣೆಯ ಮನೆಯೇ ಸಾಕ್ಷಿ. ವಾಚನಾಲಯದ ಪುಸ್ತಕಗಳೆಲ್ಲ ನಮ್ಮ ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬಿಯ ಹಿಂದೆ ಬಂದು ಸೇರಿದವು. ಶನಿವಾರದ ಭಜನೆ ನಮ್ಮ ಮನೆಗೇ ಬಂತು. ಇಪ್ಪತ್ತು ಹೆಂಗಸರು ಒಳಗೆ, ನಾನು ಹೊರಗೆ ಮೆಟ್ಟಿಲ ಮೇಲೆ, ಕೆಳಗಿನ ಮನೆಯವರ ಜೊತೆ. ಯಕ್ಷಗಾನದವರು ಉಲ್ಹಾಸನಗರದಲ್ಲಿ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬನ ಉಗ್ರಾಣಕ್ಕೆ ಹೋದರು. ಅಲ್ಲಿ ಚೆಂಡೆ ಬಾರಿಸಿದ ಮೊದಲ ದಿನವೇ ಸುತ್ತಲಿನ ಅಂಗಡಿಯವರು ಬೆಂಕಿ ಬಿದ್ದಿದೆಯೆಂದು ಓಡಿಬಂದರಂತೆ. ನಾಟಕದವರಿಗೆ ಮಾತ್ರ ಎಲ್ಲೂ ನೆಲೆಯಿಲ್ಲ.

ನಾಟಕದ ನಿರ್ದೇಶಕರು ನರಸಿಂಹಮೂರ್ತಿ, ಮೈಸೂರಿನವರು, ನನ್ನ ಹಾಗೆ ಫೋರ್ಟಿನಲ್ಲೇ ಬ್ಯಾಂಕ್ ನೌಕರಿ. ನಾಟಕ ಅವರೇ ಬರೆದದ್ದು; ಅಣ್ಣ ತಮ್ಮಂದಿರ ಮನೆ ಜಗಳ. ಮೊದಲನೇ ಅಂಕದಲ್ಲಿ ಮನೆಯಲ್ಲಿ ಪಾಲು ಬೇಕೆಂದು ತಮ್ಮ ಕೇಳುತ್ತಾನೆ, ಎರಡನೆಯದರಲ್ಲಿ ಅಣ್ಣ ಮನೆ ಬಿಟ್ಟು ಹೋಗುತ್ತಾನೆ, ಮೂರನೆಯದರಲ್ಲಿ ಅಣ್ಣ ತಿರುಗಿ ಬಂದು ತಾಯಿಯ ಕಾಲಿಗೆ ಬಿದ್ದು, ಮನೆ ಒಡೆಯಲು ಕಾರಣ ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ತಮ್ಮನ ಪಾತ್ರ ಮೂರ್ತಿಯವರದೇ. ಅಣ್ಣನ ಪಾತ್ರ ಸದಾನಂದನದು. ಆರಡಿ ಎತ್ತರದ ಕುಂದಾಪುರದ ಆಳು, ದಾದರಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಹಣ ಎಣಿಸುವವನು, ದನಿ ಮಾತ್ರ ಗುಡುಗು. ತಾಯಿಯ ಪಾತ್ರಕ್ಕೆ ಯಾರೂ ಸಿಗದೆ ನನ್ನ ಹೆಂಡತಿಯನ್ನು ಒಪ್ಪಿಸಿದ್ದರು. ನಾನು ಯಥಾಪ್ರಕಾರ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವವನು. ವೇದಿಕೆಯ ಮೇಲೆ ನಿಲ್ಲಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಯಾರೂ ಕೇಳಿರಲಿಲ್ಲ.

“ಸ್ವಾಮಿ, ದಿನಾ ಒಂದೂಕಾಲು ಗಂಟೆ ಒಂದೇ ಡಬ್ಬಿಯಲ್ಲಿ ಕೂತಿರ್ತೀವಲ್ಲ. ಅದಕ್ಕಿಂತ ತಾಲೀಮಿನ ಮನೆ ಬೇಕಾ?” ಎಂದು ಮೂರ್ತಿಯವರು ಒಂದು ದಿನ ಕೇಳಿದರು. ಡೊಂಬಿವಲಿಯಲ್ಲಿ ಹತ್ತಿದರೆ ನಿಲ್ಲಲೂ ಜಾಗವಿರುವುದಿಲ್ಲವೆಂದು ನಾವೆಲ್ಲ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಸೀಟು ಹಿಡಿದು ಫಾಸ್ಟ್ ಗಾಡಿಯಲ್ಲಿ ಬರುವವರು. ಆ ಕಾಲದಲ್ಲಿ ಲೋಕಲ್ಲಿನಲ್ಲಿ ತಾಳ ಹಿಡಿದು ಮರಾಠಿ ಅಭಂಗ ಹಾಡುವವರು ಇದ್ದರು, ಇಸ್ಪೀಟಿನವರು ಇದ್ದರು, ಅವರೆಕಾಳು ಬಿಡಿಸುವವರು ಇದ್ದರು. ನಾಟಕದವರು ಸೇರಿದರೆ ಯಾರಿಗೂ ಆಶ್ಚರ್ಯವಾಗುವಂತಿರಲಿಲ್ಲ. ಪಾತ್ರದ ಮಾತುಗಳನ್ನು ನಾನೇ ಕಚೇರಿಯಲ್ಲಿ ರದ್ದಾದ ಹಾಳೆಗಳ ಹಿಂಬದಿಯಲ್ಲಿ ಬರೆದು ಎಲ್ಲರಿಗೂ ಹಂಚಿದೆ. ಕಲ್ಯಾಣದಿಂದ ಠಾಣೆಯವರೆಗೆ ಮೊದಲನೇ ಅಂಕ, ಠಾಣೆಯಿಂದ ದಾದರಿನವರೆಗೆ ಎರಡನೆಯದು, ದಾದರಿನಿಂದ ಕೊನೆಯ ಸ್ಟೇಷನ್ನು ಬೋರಿಬಂದರಿನವರೆಗೆ ಮೂರನೆಯದು.

ಹೀಗೆ ಎಂಟು ತಿಂಗಳು ನಡೆಯಿತು. ಠಾಣೆಗೆ ಮೊದಲು ಪಾರ್ಸಿಕ್ ಸುರಂಗ ಬರುತ್ತದೆ. ಅದರೊಳಗೆ ಗಾಡಿಯ ಗದ್ದಲಕ್ಕೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಹಾಗಾಗಿ ತಮ್ಮ ‘ನನ್ನ ಪಾಲು ನನಗೆ ಕೊಡು’ ಎನ್ನುವಲ್ಲಿಗೆ ಎಲ್ಲರೂ ಬಾಯಿ ಮುಚ್ಚಿ, ಮುಖದ ಸಿಟ್ಟನ್ನು ಹಾಗೇ ಹಿಡಿದುಕೊಂಡು, ಸುರಂಗ ಮುಗಿದ ಮೇಲೆ ಮುಂದುವರಿಯುತ್ತಿದ್ದರು. ನಮ್ಮ ಎದುರಿನ ಕಿಟಕಿಯಲ್ಲಿ ಸಫಾರಿ ಸೂಟಿನ ಒಬ್ಬ ಮಹಾಶಯ ದಿನವೂ ಕೂರುತ್ತಿದ್ದರು. ಮರಾಠಿ ಪತ್ರಿಕೆಯನ್ನು ಅಗಲವಾಗಿ ಬಿಚ್ಚಿ ಹಿಡಿದಿರುತ್ತಿದ್ದರು, ಪುಟ ಮಾತ್ರ ತಿರುವುತ್ತಿರಲಿಲ್ಲ. ಠಾಣೆಯಲ್ಲಿ ಇಳಿಯುವಾಗ ನಮ್ಮನ್ನೊಮ್ಮೆ ತಿರುಗಿ ನೋಡಿ ತಲೆಯಲ್ಲಾಡಿಸಿ ಹೋಗುತ್ತಿದ್ದರು. ತೊಂದರೆಯಾಗುತ್ತಿರಬೇಕು ಪಾಪ ಎಂದು ನಾವು ಅಂದುಕೊಂಡಿದ್ದೆವು.

ದಾದರಿನಲ್ಲಿ ಸದಾನಂದ ಇಳಿಯುತ್ತಿದ್ದ. ಅವನು ಇಳಿದ ಮೇಲೆ ಮೂರನೇ ಅಂಕದ ಅಣ್ಣ ಯಾರು? ನಾನು. ಮೂರ್ತಿಯವರ ತಮ್ಮನ ಪಾತ್ರಕ್ಕೆ ಎದುರು ಮಾತು ಬೇಕಲ್ಲ, ಅದಕ್ಕೆ ನಾನು ಓದುತ್ತಿದ್ದೆ. “ಅಮ್ಮಾ, ಈ ಮನೆಗೆ ಬೀಗ ಬೀಳಲು ಕಾರಣ ಬೇರೆ ಯಾರೂ ಅಲ್ಲ, ನಾನೇ” ಎಂಬ ಮಾತು ಸರಿಯಾಗಿ ಭಾಯಖಳಾ ಬರುವ ಹೊತ್ತಿಗೆ ಬರುತ್ತಿತ್ತು. ದಿನವೂ ಆ ಮಾತನ್ನು ನಾನು ಹಾಳೆ ನೋಡದೆ, ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದೆ. ಮೂರ್ತಿಯವರು, “ಇಷ್ಟೊಂದು ಭಾವನೆ ಬೇಡ ಕುಲಕರ್ಣಿ, ನೀವು ಬರೀ ಓದಿ ಸಾಕು” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಎಂಟು ತಿಂಗಳು ನನಗೆ ಸಮಾಧಾನ ಕೊಟ್ಟದ್ದು ಆ ಒಂದು ಸಾಲು. ಅಷ್ಟು ಜನರ ಮುಂದೆ ನಿತ್ಯ ತಪ್ಪೊಪ್ಪಿಕೊಳ್ಳುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕಿಂತ ಸುಖದ ಪ್ರಾಯಶ್ಚಿತ್ತ ಬೇರೆಲ್ಲಿ ಸಿಕ್ಕೀತು?

ಅಷ್ಟರಲ್ಲಿ ಠಾಣೆಯ ಕಚೇರಿಯಿಂದ ಇನ್ನೊಂದು ಕಾಗದ ಬಂತು. ಕೋಣೆಯನ್ನು ಬಳಸುತ್ತಿದ್ದ ಸಂಘಗಳು ಇನ್ನೂ ಜೀವಂತವಾಗಿವೆ ಎಂದು ಖಾತ್ರಿಯಾಗದಿದ್ದರೆ ಅದನ್ನು ಮಲೇರಿಯಾ ವಿಭಾಗದ ಔಷಧಿ ಡ್ರಮ್ಮುಗಳಿಗೆ ಕೊಡಲಾಗುವುದು ಎಂದು. ನಮ್ಮ ಮೇಜು, ನಮ್ಮ ಬೆಂಚು, ಗೋಡೆಗೆ ಒರಗಿ ಒರಗಿ ಎಣ್ಣೆಯಾದ ಜಾಗ, ಅಲ್ಲೆಲ್ಲ ಡಿಡಿಟಿ ಡ್ರಮ್ಮು! ಎಲ್ಲ ನನ್ನಿಂದ. ಮೂರ್ತಿಯವರು ಒಂದು ಭಾನುವಾರ ಸಂಜೆಗೆ ಮರಾಠಿ ಶಾಲೆಯ ಸಭಾಗೃಹ ಗೊತ್ತುಮಾಡಿ, ಆ ಕಚೇರಿಯ ಸಾಹೇಬರನ್ನೇ ನಾಟಕಕ್ಕೆ ಕರೆಯೋಣ ಎಂದರು. ಆಮಂತ್ರಣವನ್ನು ಅಂಚೆಯಲ್ಲಿ ಕಳಿಸಿದೆವು. ಬರುತ್ತೇನೆಂದು ಉತ್ತರ ಬಂತು. ಸಾವಂತ ಎಂದು ಹೆಸರು.

ಆ ಭಾನುವಾರ ಸಾಹೇಬರ ಕಾರಿನ ದಾರಿ ಕಾಯುತ್ತ ನಾವು ಗೇಟಿನಲ್ಲಿ ನಿಂತಿದ್ದರೆ, ನಡೆದುಕೊಂಡು ಬಂದವರು ಕಿಟಕಿ ಸೀಟಿನ ಸಫಾರಿ ಸೂಟು! ಡೊಂಬಿವಲಿಯಲ್ಲೇ ಮನೆಯಂತೆ. ಕಂಕುಳಲ್ಲಿ ಒಂದು ಫೈಲು. ಮೂರ್ತಿಯವರ ಮುಖವನ್ನು ದಿಟ್ಟಿಸಿ ನೋಡಿ, ಮೊದಲನೇ ಸಾಲಿನಲ್ಲಿ ಹೋಗಿ ಕುಳಿತರು. ಎಂಟು ತಿಂಗಳು ಇವರ ಕಿವಿಯಲ್ಲೇ ಕಿರುಚಾಡಿದ್ದೇವಲ್ಲ, ಇನ್ನು ಕೋಣೆ ಡ್ರಮ್ಮುಗಳಿಗೇ ಎಂದು ನಾನು ತೀರ್ಮಾನಿಸಿದೆ.

ನಾಟಕ ಶುರುವಾಯಿತು. ಎಂಟು ತಿಂಗಳ ತಾಲೀಮಿನಲ್ಲಿ ಒಬ್ಬರೂ ಒಂದು ಮಾತನ್ನೂ ಮರೆತಿರಲಿಲ್ಲ, ಅದು ಒಪ್ಪಬೇಕಾದ್ದು. ಆದರೆ ರೈಲನ್ನೂ ಮರೆತಿರಲಿಲ್ಲ. ಪರದೆ ಎದ್ದದ್ದೇ ತಡ ಅಣ್ಣ ತಮ್ಮ ಇಬ್ಬರ ಬಲಗೈಗಳೂ ತಾವಾಗಿ ಮೇಲೆದ್ದು, ಇಲ್ಲದ ಹಿಡಿಕೆಗಾಗಿ ಗಾಳಿಯಲ್ಲಿ ತಡಕಾಡಿದವು. ಇಬ್ಬರೂ ಕಾಲು ಅಗಲಿಸಿ ನಿಂತು ಮೆಲ್ಲಗೆ ತೂಗುತ್ತ ಜಗಳವಾಡಿದರು. ನಿಶ್ಶಬ್ದ ಸಭಾಗೃಹದಲ್ಲಿ ಗಾಡಿಯ ಸದ್ದನ್ನು ಮೀರಿಸುವ ದನಿಯಲ್ಲಿ ಕೂಗಿದ್ದಕ್ಕೆ ಮುಂದಿನ ಸಾಲಿನ ಮಗುವೊಂದು ಅಳಲಾರಂಭಿಸಿತು. ‘ನನ್ನ ಪಾಲು ನನಗೆ ಕೊಡು’ ಎಂದದ್ದೇ ಎಲ್ಲರೂ ಗಪ್‌ಚಿಪ್. ಮುಖದಲ್ಲಿ ಸಿಟ್ಟು, ಬಾಯಲ್ಲಿ ಮಾತಿಲ್ಲ. ಶಾಂತಾ ಮನೆಯಲ್ಲೇ ತಾಲೀಮು ಮಾಡಿದವಳು, ಅವಳಿಗೆ ಸುರಂಗದ ವಿಷಯ ಗೊತ್ತಿಲ್ಲ. ಗಾಬರಿಯಾಗಿ ಪರದೆಯ ಕಡೆ ನೋಡಿದಳು. ನಾನು ಹೇಳಿಕೊಡಬೇಕಿತ್ತು, ಆದರೆ ನಾನೂ ಸುರಂಗ ಮುಗಿಯಲೆಂದು ಕಾಯುತ್ತಿದ್ದೆ. ಸಭೆಯಲ್ಲಿ ಅದೇ ಗಾಡಿಯವರು ಹತ್ತಾರು ಜನ ಇದ್ದರು. ಅವರಿಗೆ ಅರ್ಥವಾಯಿತು. ಹಿಂದಿನ ಸಾಲಿನಿಂದ ಯಾರೋ ಸುರಂಗದಲ್ಲಿ ಹುಡುಗರು ಹಾಕುವ ಹಾಗೆ ಕೇಕೆ ಹಾಕಿದರು. ಒಂದೂವರೆ ನಿಮಿಷದ ಮೇಲೆ ಮೂರ್ತಿಯವರು ಮುಂದಿನ ಮಾತು ಹೇಳಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು.

ಎರಡನೇ ಅಂಕ ಮುಗಿಯಿತು. ಸದಾನಂದ ಒಳಗೆ ಬಂದವನು ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ ಚಹಾ ಕೇಳಿದ.

“ಮೂರನೇ ಅಂಕಕ್ಕೆ ಕೋಟು ಹಾಕ್ಕೊಳ್ಳಯ್ಯ” ಎಂದರು ಮೂರ್ತಿಯವರು.

“ನನ್ನದು ಆಯ್ತಲ್ಲ ಮಾರಾಯ್ರೆ. ಮೂರನೇ ಅಂಕ ನನಗೆ ಬರುದಿಲ್ಲ.”

“ಬರೋದಿಲ್ಲ ಅಂದ್ರೆ?”

“ಎಂತ ಮಾಡುದು? ನಾನು ದಾದರಿನಲ್ಲಿ ಇಳಿಯುವವ. ದಿನಾ ಹೇಳಿದ್ದು ಇವ್ರು, ಇವ್ರೇ ಮಾಡುದು ಅಂತ ನಾನು ಗ್ರಹಿಸಿದ್ದೆ” ಎಂದು ಅವನು ನನ್ನ ಕಡೆ ಬೆರಳು ಮಾಡಿದ.

ಮೂರ್ತಿಯವರು ಮೊಳೆಯಿಂದ ಕೋಟು ತೆಗೆದು ನನ್ನ ಮೇಲೆ ಹಾಕಿದರು. ಆರಡಿಯವನ ಕೋಟು ನನಗೆ ಮೊಳಕಾಲು ಮುಟ್ಟಿತು, ಬೆರಳುಗಳು ತೋಳಿನೊಳಗೇ ಉಳಿದವು. ವೇದಿಕೆಯ ಮೇಲೆ ಕಾಲಿಟ್ಟಾಗ ಎದುರಿಗೆ ತಲೆಗೆ ಹಿಟ್ಟು ಬಳಿದುಕೊಂಡು ಕುಳಿತ ತಾಯಿ, ಅಂದರೆ ನನ್ನ ಧರ್ಮಪತ್ನಿ. ಅವಳು ತುಟಿ ಅಲ್ಲಾಡಿಸದೆ, “ಇದೇನ್ರೀ, ನೀವು?” ಎಂದಳು. ನನಗೆ ಬೇರೆ ದಾರಿಯಿರಲಿಲ್ಲ. ಹೋಗಿ ಅವಳ ಕಾಲಿಗೆ ಬಿದ್ದೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಸಾರ್ವಜನಿಕವಾಗಿ ಬಿದ್ದದ್ದು ಅದೇ ಮೊದಲು. “ಅಮ್ಮಾ, ಈ ಮನೆಗೆ ಬೀಗ ಬೀಳಲು ಕಾರಣ ಬೇರೆ ಯಾರೂ ಅಲ್ಲ, ನಾನೇ” ಎಂದಾಗ ಕಣ್ಣೀರೇ ಬಂತು. ನಾಟಕದ ಕಣ್ಣೀರಲ್ಲ. ಅವಳ ಪಾದ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಶಾಂತಾ ನನ್ನ ತಲೆಯ ಮೇಲೆ ಕೈಯಿಟ್ಟು, ಮಾತಿನಲ್ಲಿ ಬರೆದಿದ್ದಂತೆ, “ಏಳು ಮಗನೇ, ತಾಯಿ ಕ್ಷಮಿಸದೆ ಇರುತ್ತಾಳೆಯೇ” ಎಂದಳು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು.

ಪರದೆ ಬಿದ್ದ ಮೇಲೆ ಸಾವಂತ ಸಾಹೇಬರು ವೇದಿಕೆಗೇ ಬಂದರು. ನಾವೆಲ್ಲ ಸಾಲಾಗಿ ಕೈಮುಗಿದು ನಿಂತೆವು. ಅವರು ನೇರ ಮೂರ್ತಿಯವರ ಹತ್ತಿರ ಹೋಗಿ, “ಶೇವಟೀ ಘರ ಕೋಣಾಲಾ ಮಿಳಾಲಂ?” ಎಂದು ಕೇಳಿದರು. ಕೊನೆಗೆ ಮನೆ ಸಿಕ್ಕಿದ್ದು ಯಾರಿಗೆ ಎಂದು! ಆಮೇಲೆ ತಿಳಿಯಿತು: ಕನ್ನಡ ಒಂದಕ್ಷರವೂ ಬಾರದ ಅವರು ಎಂಟು ತಿಂಗಳಿಂದ ನಮ್ಮನ್ನು ನಿಜವಾದ ಅಣ್ಣತಮ್ಮಂದಿರು, ದಿನವೂ ಕೋರ್ಟಿಗೆ ಹೋಗುತ್ತಿರುವವರು ಎಂದುಕೊಂಡಿದ್ದರು. ನಿತ್ಯ ಠಾಣೆಯಲ್ಲಿ ಇಳಿಯಬೇಕಾಗಿ ಬಂದು ಜಗಳ ಎಲ್ಲಿಗೆ ಮುಟ್ಟಿತೆಂದು ತಿಳಿಯದೆ ಕಚೇರಿಯಲ್ಲಿ ಮನಸ್ಸಿಲ್ಲದೆ ಕೂರುತ್ತಿದ್ದರಂತೆ. ಈಗ ಅವರಿಗೆ ಅರ್ಥವಾಗಿದ್ದು ಇಷ್ಟು: ಇಬ್ಬರು ಜಗಳವಾಡುತ್ತಿದ್ದಾಗ, ದೊಡ್ಡ ಕೋಟಿನ ಮೂರನೇ ಸಹೋದರನೊಬ್ಬ ಎಲ್ಲಿಂದಲೋ ಬಂದು, ತಾಯಿಯ ಕಾಲು ಹಿಡಿದು ಅತ್ತು ಮನೆಯನ್ನು ಹೊಡೆದುಕೊಂಡ. “ಆಮಚ್ಯಾ ಘರೀ ಪಣ ಅಸಂಚ ಝಾಲಂ,” ನಮ್ಮ ಮನೆಯಲ್ಲೂ ಹೀಗೇ ಆಯಿತು ಎಂದು ಅವರು ನನ್ನ ಕಡೆ ಬಹಳ ಕಹಿಯಾಗಿ ನೋಡಿದರು.

ಮೂರ್ತಿಯವರು ಕೋಣೆಯ ಮಾತೆತ್ತಿದರು. ಸಾಹೇಬರು ಫೈಲು ಬಿಚ್ಚಿದರು. ಸಂಘ ಜೀವಂತವಾಗಿದೆ, ಬೇಕಾದ್ದಕ್ಕಿಂತ ಹೆಚ್ಚೇ ಜೀವಂತವಾಗಿದೆ, ತಮ್ಮ ಅಡ್ಡಿಯಿಲ್ಲ; ತಮ್ಮ ಎಂಜಿನಿಯರು ನೋಡಿ ಚಾವಣಿ ಗಟ್ಟಿಯಿದೆ ಎಂದಿದ್ದಾರೆ; ಆದರೆ ಈ ಒಂದು ಪತ್ರ ಫೈಲಿನಲ್ಲಿ ಕುಳಿತಿದೆ, ಇಂಥ ಭಯಂಕರ ಭಾಷೆಯ ಪತ್ರವಿರುವಾಗ ಬಾಗಿಲು ತೆಗೆದು ತನ್ನ ನೌಕರಿ ಕಳೆದುಕೊಳ್ಳಲೇ? ಬರೆದವನೇ ಅಪಾಯವಿಲ್ಲವೆಂದು ಇನ್ನೊಂದು ಪತ್ರ ಕೊಟ್ಟರೆ ಮಾತ್ರ ಆದೀತು. ಹೀಗೆಂದು ಪತ್ರ ಬಿಡಿಸಿ ಕೆಳಗಿನ ರುಜುವನ್ನು ಗಟ್ಟಿಯಾಗಿ ಓದಿದರು. “ಕುಲಕರ್ಣೀ ಕೋಣ ಆಹೇ?” ಇಲ್ಲಿ ಕುಲಕರ್ಣಿ ಯಾರು ಎಂದು ಕೇಳಿದರು.

ಕೋಟಿನೊಳಗೆ ಇನ್ನಷ್ಟು ಕುಗ್ಗಲು ಸಾಧ್ಯವಿದ್ದರೆ ಕುಗ್ಗುತ್ತಿದ್ದೆ. ಶಾಂತಾಳ ಕಡೆ ನೋಡುವ ಧೈರ್ಯವಾಗಲಿಲ್ಲ. ಆಗ ಸದಾನಂದ ಜೇಬಿನಿಂದ ತನ್ನ ಪಾತ್ರದ ಹಾಳೆಗಳನ್ನು ತೆಗೆದು, ಕೊನೆಯದನ್ನು ತಿರುಗಿಸಿ ಹಿಡಿದ. ಮೂರನೇ ಅಂಕದ ಮಾತುಗಳನ್ನು ನಾನು ಬರೆದುಕೊಟ್ಟದ್ದು ಅದೇ ಪತ್ರದ ಕಾರ್ಬನ್ ಪ್ರತಿಯ ಹಿಂಬದಿಯಲ್ಲಿ! ಮಿತವ್ಯಯ ಮಾಡಲು ಹೋಗಿ ನನ್ನ ಮರಣಶಾಸನವನ್ನು ನಾನೇ ಹಂಚಿದ್ದೆ.

“ಮೂರನೇ ಅಂಕ ನಾನು ಓದಿದವನಲ್ಲ. ಹಿಂದಿನ ಬದಿ ಓದಿದ್ದೇನೆ. ಎಲ್ರಿಗೂ ಓದಿ ಹೇಳಿದ್ದೇನೆ ಕೂಡ. ಎಂಟು ತಿಂಗಳಾಯ್ತು, ಎಲ್ರಿಗೂ ಗೊತ್ತುಂಟು” ಎಂದ ಅವನು.

“ಎಲ್ಲರಿಗೂ?” ಎಂದೆ ನಾನು.

“ನನಗೂ” ಎಂದಳು ಶಾಂತಾ, ತಲೆಯ ಹಿಟ್ಟು ಒರೆಸಿಕೊಳ್ಳುತ್ತ. “ಎಂಟು ತಿಂಗಳ ಭುಜಕ್ಕ ಎಣ್ಣಿ ತಿಕ್ಕೀನಿ. ಶಾಪಾ ಹಾಕಿದಾಕಿನೂ ನಾನ, ತಿಕ್ಕಿದಾಕಿನೂ ನಾನ. ನಿಮ್ಮ ಬಾಯಿಂದನ ಬರ್ಲಿ ಅಂತ ದಾರಿ ನೋಡಿದ್ವಿ. ಈಗ ಕೈ ನೆಟ್ಟಗದ ಅಲ್ಲಾ? ಕೂತ್ಕೊಂಡು ಬರೀರಿ.”

ಎಲ್ಲರೂ ನಕ್ಕರು. ಅಷ್ಟು ದಿನ ನನ್ನನ್ನು ಒಂದು ಮಾತೂ ಅನ್ನದೆ, ನನ್ನ ಮನೆಯಲ್ಲಿ ಭಜನೆ ಮಾಡಿ, ನನ್ನ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದ್ದರಲ್ಲ ಈ ಜನ! ನನಗೆ ಮತ್ತೆ ಅಳು ಬಂತು. ಸಾವಂತರು ಅದನ್ನು ನೋಡಿ, ಈ ಮನುಷ್ಯ ಮತ್ತೇನೋ ಹೊಡೆದುಕೊಳ್ಳಲು ನೋಡುತ್ತಿದ್ದಾನೆ ಎಂಬ ಸಂಶಯದಲ್ಲಿ ಫೈಲನ್ನು ಕಂಕುಳಿಗೆ ಸೇರಿಸಿದರು.

ಆ ಎರಡನೇ ಪತ್ರವನ್ನು ಮಜ್ಜಿಗೆಯಷ್ಟು ತಣ್ಣಗೆ ಬರೆದೆ. ಒಂದು ತಿಂಗಳಲ್ಲಿ ಫಲಕ ಇಳಿಯಿತು, ಬೀಗ ಹೋಯಿತು, ಪುಸ್ತಕಗಳು ನಮ್ಮ ಮಂಚದ ಕೆಳಗಿಂದ ಕಪಾಟಿಗೆ ಹೋದವು. ಭಜನೆ, ಚೆಂಡೆ ಎಲ್ಲ ಮರಳಿ ಬಂದವು. ನಾಟಕದವರು ಮಾತ್ರ ಎರಡು ಭಾನುವಾರ ಬಂದು, ಗದ್ದಲವಿಲ್ಲದೆ ಮಾತು ನೆನಪಾಗುವುದಿಲ್ಲವೆಂದು ಮತ್ತೆ ಕಲ್ಯಾಣದ ಗಾಡಿಗೇ ಹೋದರು. ಹೊಸ ನಾಟಕದಲ್ಲಿ ನನಗೊಂದು ಪಾತ್ರವನ್ನೂ ಕೊಟ್ಟರು, ಮೂರನೇ ಅಂಕದಲ್ಲಿ ಮಾತ್ರ.

ಬಾಗಿಲು ತೆರೆದ ಮೂರನೆಯ ವಾರ, ಒಂದು ಮಧ್ಯಾಹ್ನ, ನಾನೊಬ್ಬನೇ ಕುಳಿತು ಪುಸ್ತಕಗಳಿಗೆ ನಂಬರು ಹಾಕುತ್ತಿದ್ದೆ. ಟಪ್ ಎಂದು ಸದ್ದಾಯಿತು. ಗಾರೆಯ ಚೂರೊಂದು ಮೇಜಿನ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ ಬಿದ್ದಿತ್ತು. ಮೇಲೆ ನೋಡಿದೆ. ಸುತ್ತ ನೋಡಿದೆ. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದೆ. ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದು ತುಳಸಿ ಕುಂಡದಲ್ಲಿ ಹೂತೆ. ಮರುದಿನ ನನ್ನ ಕಿಸೆಯ ಖರ್ಚಿನಲ್ಲೇ ಒಬ್ಬ ಗಾರೆಯವನನ್ನು ಕರೆದುಕೊಂಡು ಹೋಗಿ ಎರಡು ಕರಣೆ ಸಿಮೆಂಟು ಮೆತ್ತಿಸಿದೆ. ಅರ್ಧ ಗಂಟೆಯ ಕೆಲಸ. ಈ ವಿಷಯವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇನೆ, ದಯವಿಟ್ಟು ಇದರ ಬಗ್ಗೆ ಎಲ್ಲಿಗೂ ಪತ್ರ ಬರೆಯಬೇಡಿ.